ಖರ್ಬೂಜ ಸಪ್ಪೆಯಾಗಿದ್ದು ಪಕ್ಕದ ಸೌತೆಬಳ್ಳಿಯಿಂದ ಅಲ್ಲ

ಪ್ರಶ್ನೆ: ನಮ್ಮ ಮನೆ ಕಲಬುರಗಿಯ ಸೇಡಂ ರಸ್ತೆ ಕಡೆ ಇದೆ. ಹಿತ್ತಲಲ್ಲಿ 10 ಅಡಿ ಅಗಲ, 15 ಅಡಿ ಉದ್ದದ ಎರೆ ಮಣ್ಣಿನ ಜಾಗ. ರಂಜಾನ್ ಸಮಯದಲ್ಲಿ ಸೂಪರ್ ಮಾರ್ಕೆಟ್ ಹತ್ತಿರದ ಬಂಡಿಯಿಂದ ತಂದ ಖರ್ಬೂಜ ಬಹಳ ಸಿಹಿ ಇತ್ತು. ಅದರ ಬೀಜ ತೊಳೆದು ಒಣಗಿಸಿ, ಯುಗಾದಿ ಆದ ಮೇಲೆ ಹಚ್ಚಿದೆ. ಬಳ್ಳಿ ಚೆನ್ನಾಗಿ ಹಬ್ಬಿತು, ಹೂವೂ ತುಂಬಾ ಬಂತು. ಆದರೆ ಹೂವು ಸುಮ್ನೆ ಉದುರುತ್ತಿತ್ತು. ನಿಂಬೆ ಗಾತ್ರದ ಕಾಯಿಗಳು ಹಳದಿಯಾಗಿ ಬಿದ್ದವು. ಕೊನೆಗೆ ಎರಡೇ ಉಳಿದವು. ಮಿರಗ (ಮೃಗಶಿರಾ) ಮಳೆ ಬಂದ ಮರುದಿನ ಒಂದು ಸೀಳಿಬಿಟ್ಟಿತು. ಇನ್ನೊಂದೂ ಒಡೆದೀತು ಅಂತ ಹೆದರಿ ಕಿತ್ತು, ನಾಲ್ಕು ದಿನ ಅಕ್ಕಿ ಡಬ್ಬಿಯಲ್ಲಿ ಇಟ್ಟೆ. ಮೆತ್ತಗಾಯಿತು, ವಾಸನೆಯೂ ಬಂತು, ಸಿಹಿ ಮಾತ್ರ ಇಲ್ಲ. ಪಕ್ಕದ ಮನೆಯ ಅಜ್ಜಾರು "ಸೌತಿಬಳ್ಳಿ ಬಾಜೂಕ ಖರ್ಬೂಜ ಹಚ್ಚಿದ್ರ ಹಣ್ಣು ಸಪ್ಪಗ ಆಗ್ತದ" ಅನ್ನುತ್ತಾರೆ. ನಮ್ಮ ಅತ್ತೆಯವರು, ಎಳೆ ಕಾಯಿಗೆ ಮಕ್ಕಳು ಬೆರಳು ತೋರಿಸಿದ್ದಕ್ಕೇ ಉದುರಿತು ಅನ್ನುತ್ತಾರೆ. ಬುಡಕ್ಕೆ ಬೆಲ್ಲದ ನೀರು ಹಾಕಿದರೆ ಸಿಹಿ ಆಗುತ್ತಂತೆ, ನಿಜಾನಾ? ಆ ಎರಡು ಹಣ್ಣಿನ ಬೀಜ ಇಟ್ಟುಕೊಂಡಿದ್ದೇನೆ. ಈಗ ಮಳೆಗಾಲದಲ್ಲಿ ಮತ್ತೆ ಹಚ್ಚಬಹುದಾ?

ಉತ್ತರ: ಅಕ್ಕಾ, ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ, ಎರೆ ಮಣ್ಣಿನಲ್ಲಿ ಖರ್ಬೂಜದ ಬಳ್ಳಿ ಬದುಕಿಸಿ ಎರಡು ಕಾಯಿ ಬಲಿಯುವ ತನಕ ತಂದಿದ್ದೀರಿ. ಬಳ್ಳಿ ಸಾಕುವುದು ನಿಮಗೆ ಬರುತ್ತದೆ. ಎಡವಟ್ಟಾಗಿದ್ದು ಬೇರೆ ಕಡೆ: ಬೀಜ, ಹಚ್ಚಿದ ತಿಂಗಳು, ಕಿತ್ತ ಹೊತ್ತು. ಈ ಮೂರೂ ಸರಿಪಡಿಸಬಹುದಾದವು.

ಮೊದಲು ಅಜ್ಜಾರ ಮಾತು. ಇದನ್ನು ಕಲಬುರಗಿಯಲ್ಲಿ ಮಾತ್ರ ಅಲ್ಲ, ಬೀದರ್, ಯಾದಗಿರಿ ಕಡೆಯೂ ಕೇಳಿದ್ದೇನೆ. ಸೌತೆ ಮತ್ತು ಖರ್ಬೂಜ ಒಂದೇ ಕುಟುಂಬದ ಬಳ್ಳಿಗಳು, ಎಲೆ ಹೂವು ನೋಡಲು ಅಣ್ಣತಮ್ಮಂದಿರ ಹಾಗೇ ಇವೆ. ಆದರೆ ಅವು ಒಂದಕ್ಕೊಂದು ಕೂಡುವುದಿಲ್ಲ. ಗುಣಗಳನ್ನು ಪೀಳಿಗೆಗೆ ದಾಟಿಸುವ ವರ್ಣತಂತುಗಳು ಸೌತೆಯಲ್ಲಿ 14, ಖರ್ಬೂಜದಲ್ಲಿ 24. ಸೌತೆಯ ಪರಾಗ ಖರ್ಬೂಜದ ಹೂವಿಗೆ ಬಿದ್ದರೂ ಕಾಯಿ ಕಟ್ಟುವುದಿಲ್ಲ. ಹಾಗಲ, ಹೀರೆ, ಕುಂಬಳವೂ ಅಷ್ಟೇ.

ಇನ್ನೊಂದು ಮಾತು. ನಾವು ತಿನ್ನುವ ತಿರುಳು ತಾಯಿಬಳ್ಳಿಯದು. ಪರಾಗ ಎಲ್ಲಿಂದಲೇ ಬರಲಿ, ಈ ಸಲದ ಹಣ್ಣಿನ ರುಚಿ ಅದರಿಂದ ಕೆಡುವುದಿಲ್ಲ. ಅದರ ಗುಣ ಸೇರುವುದು ಒಳಗಿನ ಬೀಜಕ್ಕೆ. ಆ ಬೀಜ ಮುಂದಿನ ಸಲ ಹಚ್ಚಿದಾಗ ವ್ಯತ್ಯಾಸ ಕಾಣುತ್ತದೆ. ಖರ್ಬೂಜದ ಜೊತೆ ಕೂಡುವ, ಅದರ ಸ್ವಂತ ಜಾತಿಯವು ಅಂದರೆ ಕೆಕ್ಕರಿಕೆ, ಸಾಂಬಾರಿಗೆ ಹಾಕುವ ಮಂಗಳೂರು ಸೌತೆ. ಹೆಸರಲ್ಲಿ ಸೌತೆ ಇದ್ದರೂ ಮಂಗಳೂರು ಸೌತೆ ಜಾತಿಯಲ್ಲಿ ಖರ್ಬೂಜವೇ. ಬೀಜ ಉಳಿಸಿಕೊಳ್ಳುವವರು ಇವುಗಳ ಬಗ್ಗೆ ಎಚ್ಚರ ಇಟ್ಟರೆ ಸಾಕು.

ಹಾಗಾದರೆ ಸಿಹಿ ಬರುವುದು ಎಲ್ಲಿಂದ? ಎಲೆಯಿಂದ. ಎಲೆ ಬಿಸಿಲಲ್ಲಿ ಸಕ್ಕರೆ ತಯಾರಿಸುತ್ತದೆ, ಬಳ್ಳಿ ಅದನ್ನು ಕಾಯಿಗೆ ಸಾಗಿಸುತ್ತದೆ. ಕಾಯಿ ಮೊದಲು ಗಾತ್ರದಲ್ಲಿ ಬೆಳೆಯುತ್ತದೆ. ಸಕ್ಕರೆ ಭರ್ತಿಯಾಗುವುದು ಬಹುತೇಕ ಕೊನೆಯ ಹತ್ತು ಹನ್ನೆರಡು ದಿನಗಳಲ್ಲಿ. ಆ ದಿನಗಳಲ್ಲಿ ಎಲೆ ಹಸಿರಾಗಿ, ಆರೋಗ್ಯವಾಗಿ ಇರಬೇಕು. ಕಾಯಿಗಳು ಜಾಸ್ತಿ ಇರಬಾರದು, ನೀರು ಅತಿಯಾಗಬಾರದು, ಕೀಳಲು ಅವಸರ ಮಾಡಬಾರದು. ಬೆಲ್ಲದ ನೀರಿನ ವಿಷಯಕ್ಕೂ ಉತ್ತರ ಇದೇ. ಬೇರು ನೀರು ಮತ್ತು ಲವಣಗಳನ್ನು ಹೀರುತ್ತದೆ, ಬೆಲ್ಲವನ್ನು ಕಾಯಿಗೆ ಮುಟ್ಟಿಸುವುದಿಲ್ಲ. ಇರುವೆ ಬರುತ್ತವೆ, ಅಷ್ಟೇ. ಕೆಲವರು ಕಾಯಿಗೇ ಸಿರಿಂಜಿನಿಂದ ಸಕ್ಕರೆ ನೀರು ಚುಚ್ಚುತ್ತಾರೆ. ಅದನ್ನಂತೂ ಮಾಡಲೇಬೇಡಿ, ಚುಚ್ಚಿದ ಜಾಗದಿಂದ ಕೊಳೆ ಶುರುವಾಗುತ್ತದೆ.

ಅಕ್ಕಿ ಡಬ್ಬಿಯಲ್ಲಿ ಆಗಿದ್ದು ಇಷ್ಟು. ಮಾವು, ಬಾಳೆಯ ಕಾಯಿಯಲ್ಲಿ ಪಿಷ್ಟ ತುಂಬಿರುತ್ತದೆ. ಕಿತ್ತ ಮೇಲೂ ಆ ಪಿಷ್ಟ ಸಕ್ಕರೆಯಾಗುತ್ತದೆ, ಹಾಗಾಗಿ ಅವು ಮನೆಯಲ್ಲಿ ಇಟ್ಟರೂ ಸಿಹಿಯಾಗುತ್ತವೆ. ಖರ್ಬೂಜದಲ್ಲಿ ಅಂಥ ದಾಸ್ತಾನು ಇಲ್ಲ. ಬಳ್ಳಿಯಿಂದ ಬಿಡಿಸಿದ ಕ್ಷಣಕ್ಕೆ ಅದರಲ್ಲಿ ಎಷ್ಟು ಸಕ್ಕರೆ ಇದೆಯೋ ಅಷ್ಟೇ. ಆಮೇಲೆ ಮೆತ್ತಗಾಗುತ್ತದೆ, ಘಮ ಬರುತ್ತದೆ, ಸಿಹಿ ಹೆಚ್ಚುವುದಿಲ್ಲ. ನೀವು ಹೆದರಿ ಕಿತ್ತಿರಿ, ಸಕ್ಕರೆ ತುಂಬುವ ದಿನಗಳೇ ಅದಕ್ಕೆ ಸಿಗಲಿಲ್ಲ. ಅದರ ಮೇಲೆ ಮಿರಗದ ಮಳೆ ನೀರೂ ಸೇರಿತ್ತು.

ಇನ್ನು ಉದುರಿದ ಹೂವು, ಕಾಯಿಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ.

ಖರ್ಬೂಜದ ಬಳ್ಳಿಯಲ್ಲಿ ಮೊದಲು ಬರುವುದೆಲ್ಲ ಗಂಡು ಹೂವು. ಒಂದು ದಿನ ಅರಳಿ ಉದುರುವುದೇ ಅವುಗಳ ಕೆಲಸ. ಇದನ್ನು ನೋಡಿ "ಇದು ಗಂಡು ಬಳ್ಳಿ" ಅಂತ ಕಿತ್ತೆಸೆದವರೂ ಇದ್ದಾರೆ. ಖರ್ಬೂಜದಲ್ಲಿ ಬೇರೆ ಗಂಡು ಬಳ್ಳಿ ಅಂತ ಇಲ್ಲ. ಕಾಯಿ ಕಟ್ಟುವ ಹೂವು ಒಂದೆರಡು ವಾರ ತಡವಾಗಿ, ಪಕ್ಕದ ಕವಲುಗಳ ಮೊದಲ ಒಂದೆರಡು ಗಿಣ್ಣುಗಳಲ್ಲಿ ಬರುತ್ತದೆ. ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ಗಂಡು ಹೂವಿನ ಕೆಳಗೆ ಬರೀ ತೆಳ್ಳನೆ ತೊಟ್ಟು. ಕಾಯಿ ಹೂವಿನ ಎಸಳಿನ ಕೆಳಗೆ ಸಣ್ಣ ರೋಮ ತುಂಬಿದ, ಬಟಾಣಿಗಿಂತ ತುಸು ಉದ್ದನೆಯ ಪುಟ್ಟ ಕಾಯಿ ಆಗಲೇ ಕೂತಿರುತ್ತದೆ. ನಮ್ಮ ಬಹಳಷ್ಟು ತಳಿಗಳಲ್ಲಿ ಈ ಹೂವಿನೊಳಗೆ ಪರಾಗವೂ ಇರುತ್ತದೆ. ಆದರೆ ಆ ಪರಾಗ ಅಂಟಂಟು, ಗಾಳಿಗೆ ಹಾರುವುದಿಲ್ಲ. ಜೇನು ಬಂದು ಮೈಗೆ ಮೆತ್ತಿಕೊಂಡು ಒಳಗೆ ಓಡಾಡಬೇಕು, ಅದೂ ಒಂದೇ ಸಲ ಅಲ್ಲ, ಹಲವು ಸಲ.

ನಿಮ್ಮ ಬಳ್ಳಿ ಹೂ ಬಿಟ್ಟಿದ್ದು ಮೇ ತಿಂಗಳಲ್ಲಿ. ಆಗ ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸದಲ್ಲ. ಅಷ್ಟು ಕಾವಿಗೆ ಪರಾಗ ಬೇಗ ಸತ್ತುಹೋಗುತ್ತದೆ. ಹೊತ್ತು ಏರಿದಂತೆ ಜೇನು ಕೂಡ ಹೂವು ಬಿಟ್ಟು ನೀರು, ನೆರಳು ಹುಡುಕುತ್ತವೆ. ಪರಾಗ ಸರಿಯಾಗಿ ಸೇರದ ಕಾಯಿ ಸ್ವಲ್ಪ ದಿನ ಬೆಳೆದಂತೆ ಕಂಡು, ಹಳದಿಯಾಗಿ ಬೀಳುತ್ತದೆ. ಎರಡನೆಯ ಕಾರಣ, ಬಳ್ಳಿ ತನ್ನ ಶಕ್ತಿಗೆ ಮೀರಿದ ಕಾಯಿಗಳನ್ನು ತಾನೇ ಬಿಡುತ್ತದೆ. ಮೊದಲು ಕಚ್ಚಿದ ಎರಡು ಮೂರು ಕಾಯಿ ಗಟ್ಟಿಯಾದರೆ ನಂತರದವು ನಿಲ್ಲುವುದಿಲ್ಲ. ಅದು ಸಹಜ, ಅದಕ್ಕೆ ಮದ್ದು ಬೇಡ.

ಮೂರನೆಯದು ಹಣ್ಣು ನೊಣ. ಅತ್ತೆಯವರ ಬೆರಳಿನ ಮಾತು ಹುಟ್ಟಿದ್ದೂ ಇದರಿಂದಲೇ ಅಂತ ನನ್ನ ಅನಿಸಿಕೆ. ನೊಣ ಎಳೆ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಗುರುತು ಸೂಜಿಮೊನೆಯಷ್ಟು, ಕೆಲವೊಮ್ಮೆ ಅಲ್ಲಿ ಒಂದು ಹನಿ ಅಂಟು ಕಾಣುತ್ತದೆ. ಅವತ್ತು ಮಕ್ಕಳು ಬಂದು "ನೋಡು ಕಾಯಿ" ಅಂತ ಬೆರಳು ತೋರಿಸುತ್ತಾರೆ. ನಾಲ್ಕೈದು ದಿನಕ್ಕೆ ಕಾಯಿ ಕೊಳೆಯುತ್ತದೆ. ನೊಣ ಬಂದಿದ್ದನ್ನು ಯಾರೂ ನೋಡಿರುವುದಿಲ್ಲ, ಬೆರಳು ತೋರಿಸಿದ್ದನ್ನು ಎಲ್ಲರೂ ನೋಡಿರುತ್ತಾರೆ, ಅಲ್ವಾ? ಮಕ್ಕಳಿಗೆ ಬೈಯಬೇಡಿ. ಅವರಿಗೇ ಬಿದ್ದ ಕಾಯಿ ಹೆಕ್ಕುವ ಕೆಲಸ ಕೊಡಿ.

ಯಾವ ಕಾರಣ ಅಂತ ತಿಳಿಯಲು ಬಿದ್ದ ಕಾಯಿಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ. ಒಳಗೆ ತಿರುಳು ಸ್ವಚ್ಛವಾಗಿದ್ದು, ಬೀಜಗಳು ಜೊಳ್ಳಾಗಿ, ಚಪ್ಪಟೆಯಾಗಿ ಇದ್ದರೆ ಪರಾಗದ ತೊಂದರೆ. ತಿರುಳು ಕಂದಾಗಿ, ಕೆನೆಬಣ್ಣದ ಸಣ್ಣ ಹುಳುಗಳು ಮಿಸುಕಾಡುತ್ತಿದ್ದರೆ ನೊಣ. ಹುಳು ಇದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಆ ಹುಳುಗಳು ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಮೇಲೆ ಬರುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿಗೆ ಇಡಿ, ಇಲ್ಲವೇ ಎರಡಡಿ ಆಳದಲ್ಲಿ ಹೂಳಿ.

ಸೀಳಿದ ಕಾಯಿಯ ಕಾರಣ ನಿಮ್ಮ ಪತ್ರದಲ್ಲೇ ಇದೆ. ಬೇಸಿಗೆಯಲ್ಲಿ ಎರೆ ಮಣ್ಣು ಒಣಗಿ ಬಿರುಕು ಬಿಡುತ್ತದೆ, ಬಿರುಕು ಬಿಟ್ಟಾಗ ಸಣ್ಣ ಬೇರುಗಳೂ ಹರಿಯುತ್ತವೆ. ಒಣಗಿದ್ದ ಬಳ್ಳಿಗೆ ಒಮ್ಮೆಲೇ ಮಳೆ ಬಿದ್ದರೆ ನೀರೆಲ್ಲ ಕಾಯಿಗೆ ನುಗ್ಗುತ್ತದೆ. ಒಳಗಿನ ತಿರುಳು ಉಬ್ಬುತ್ತದೆ, ಬಲಿತ ಸಿಪ್ಪೆ ಹಿಗ್ಗುವುದಿಲ್ಲ. ಕೊಳವೆ ನೀರು ಒಂದು ವಾರ ಮರೆತು ಒಂದು ದಿನ ಹೊಂಡ ತುಂಬಿಸಿದರೂ ಹೀಗೇ ಆಗುತ್ತದೆ.

ಈಗ ಏನು ಮಾಡಬೇಕು? ಮಳೆಗಾಲದಲ್ಲಿ ಹಚ್ಚಬೇಡಿ. ಯಾಕೆ ಅಂದರೆ ಖರ್ಬೂಜಕ್ಕೆ ಎಲೆಯ ಮೇಲೆ ಒಣ ಗಾಳಿ, ಬುಡದಲ್ಲಿ ಮಾತ್ರ ತೇವ ಬೇಕು. ಉತ್ತರದಲ್ಲಿ ಯಮುನಾ, ಗಂಗಾ ತೀರದ ಮರಳಿನಲ್ಲಿ ಬೇಸಿಗೆಗೆ ಇದನ್ನು ಬೆಳೆಯುವುದು ಇದಕ್ಕೇ. ಮೇಲೆ ಬಿಸಿ ಒಣ ಮರಳು, ಕೆಳಗೆ ನದಿಯ ತೇವ. ಮಳೆಗಾಲದ ಎರೆ ಮಣ್ಣು ಇದಕ್ಕೆ ಪೂರ್ತಿ ಉಲ್ಟಾ. ಬೇರು ಉಸಿರು ಕಟ್ಟುತ್ತದೆ, ಎಲೆಗೆ ಬೂಜು ರೋಗ ಬರುತ್ತದೆ, ಹಣ್ಣು ನೊಣ ಹೆಚ್ಚುತ್ತದೆ. ಮೋಡದ ದಿನಗಳಲ್ಲಿ ಸಕ್ಕರೆಯೂ ಆಗುವುದಿಲ್ಲ. ಆ ಜಾಗದಲ್ಲಿ ಈಗ ಬೆಂಡಿ, ಚವಳಿ ಹಾಕಿ. ಬಳ್ಳಿ ತರಕಾರಿ ಬಿಟ್ಟು ಬೇರೆ ಏನಾದರೂ ಹಾಕಿದರೆ ನೊಣದ ಸಂತತಿಯೂ ಕಡಿಮೆಯಾಗುತ್ತದೆ.

ಖರ್ಬೂಜದ ಬೀಜ ನೆಲಕ್ಕೆ ಬೀಳಬೇಕಾದ್ದು ಸಂಕ್ರಾಂತಿ ಕಳೆದ ಮೇಲೆ. ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಒಳ್ಳೆಯ ಹೊತ್ತು. ತೀರಾ ಚಳಿ ಇದ್ದರೆ ಬೀಜ ಮೊಳೆಯದೆ ಕೊಳೆಯುತ್ತದೆ. ಬೀದರ್ ಎತ್ತರದಲ್ಲಿದೆ, ಅಲ್ಲಿ ಚಳಿ ತುಸು ತಡವಾಗಿ ಬಿಡುತ್ತದೆ. ಅಲ್ಲಿಯವರು ಒಂದು ವಾರ ಕಾದರೂ ನಷ್ಟವಿಲ್ಲ. ಹೀಗೆ ಹಚ್ಚಿದರೆ ಮಾರ್ಚ್ ತಿಂಗಳಲ್ಲಿ ಹೂವು, ಏಪ್ರಿಲ್ ಕೊನೆ ಇಲ್ಲವೇ ಮೇ ಮೊದಲ ವಾರಗಳಲ್ಲಿ ಹಣ್ಣು. ಜೋರು ಬಿಸಿಲಿಗೆ ಮೊದಲೇ ಕಾಯಿ ಕಚ್ಚಿರುತ್ತದೆ, ಮಿರಗಕ್ಕೆ ಮೊದಲೇ ಹಣ್ಣು ಮನೆಗೆ ಬಂದಿರುತ್ತದೆ.

ಬೀಜದ ವಿಷಯ. ಬಂಡಿಯಲ್ಲಿ ಸಿಗುವ ಹಣ್ಣು ಬಹುತೇಕ ಹೈಬ್ರಿಡ್ ಬೀಜದ್ದು. ಎರಡು ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಆ ಬೀಜದ ಗುಣ ಮುಂದಿನ ಪೀಳಿಗೆಗೆ ಹಾಗೇ ಬರುವುದಿಲ್ಲ, ಹಂಚಿಹೋಗುತ್ತದೆ. ಒಂದು ಬಳ್ಳಿ ಸಿಹಿ, ಒಂದು ಸಪ್ಪೆ, ಒಂದರ ಸಿಪ್ಪೆ ದಪ್ಪ. ನಿಮ್ಮ ಸಪ್ಪೆ ಹಣ್ಣಿಗೆ ಇದೂ ಒಂದು ಕಾರಣ ಇರಬಹುದು. ಈಗ ಇಟ್ಟುಕೊಂಡಿರುವ ಬೀಜ ಇನ್ನೂ ಒಂದು ಪೀಳಿಗೆ ಮುಂದೆ ಹೋಗಿದೆ. ಹಚ್ಚಿದರೆ ಬಳ್ಳಿ ಬರುತ್ತದೆ, ಹಣ್ಣು ಹೇಗೆ ಬಂದೀತೋ ಹೇಳಲಾಗದು. ಮೂರು ತಿಂಗಳ ನೀರು, ಶ್ರಮ ಹಾಕುವಾಗ ಬೀಜದಲ್ಲಿ ಉಳಿತಾಯ ಬೇಡ ಅನ್ನುವುದು ನನ್ನ ಸಲಹೆ.

ಹಿತ್ತಲಿಗೆ ನಾನು ಮೊದಲು ಹೇಳುವುದು ಅರ್ಕಾ ಜೀತ್. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ಹಣ್ಣು ಚಿಕ್ಕದು, ಅರ್ಧ ಕಿಲೋ ಆಸುಪಾಸು. ಸಿಪ್ಪೆ ಕಿತ್ತಳೆ ಬಣ್ಣ, ತಿರುಳು ಬಿಳಿ, ಬೇಗ ಹಣ್ಣಾಗುತ್ತದೆ, ಸಿಹಿ ಚೆನ್ನಾಗಿದೆ. ಬೇಗ ಮುಗಿಯುವುದೇ ನಮ್ಮ ಬಿಸಿಲಿಗೆ ದೊಡ್ಡ ಲಾಭ. ಅದೇ ಸಂಸ್ಥೆಯ ಅರ್ಕಾ ರಾಜಹಂಸ ಇನ್ನೂ ದೊಡ್ಡ ಹಣ್ಣು ಕೊಡುತ್ತದೆ, ಬೂದಿ ರೋಗವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಪಂಜಾಬಿನ ಹರಾ ಮಧು ಬಹಳ ಸಿಹಿ, ಹಸಿರು ತಿರುಳು. ಆದರೆ ತಡವಾಗಿ ಬರುತ್ತದೆ, ಬೂದಿ ರೋಗಕ್ಕೆ ಬೇಗ ಸಿಗುತ್ತದೆ, ಹೊಸಬರಿಗೆ ಬೇಡ. ಅಂಗಡಿಯ ಹೈಬ್ರಿಡ್ ಪ್ಯಾಕೆಟ್ಟೂ ಆಗಬಹುದು. ಬೆಲೆ ಜಾಸ್ತಿ, ಪ್ರತಿ ವರ್ಷ ಹೊಸದು ಕೊಳ್ಳಬೇಕು. ಪ್ಯಾಕೆಟ್ಟಿನ ಬಣ್ಣ ಹಚ್ಚಿದ ಬೀಜಕ್ಕೆ ಔಷಧಿ ಸವರಿರುತ್ತಾರೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಬೀಜ ಎಲ್ಲಿ ಸಿಗುತ್ತದೆ ಅಂತ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಬೀದರಿನವರು ಅಲ್ಲಿನ ತೋಟಗಾರಿಕೆ ಕಾಲೇಜಿನಲ್ಲೂ ಕೇಳಬಹುದು.

ನಿಮ್ಮ ಜಾಗಕ್ಕೆ ನಾಲ್ಕು ಬಳ್ಳಿ ಸಾಕು. ಅದಕ್ಕಿಂತ ಹೆಚ್ಚಾದರೆ ಎಲೆ ಎಲೆಗೇ ನೆರಳಾಗುತ್ತದೆ. ಎರಡಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೆಗೆದು, ಅದೇ ಮಣ್ಣಿಗೆ ಅಷ್ಟೇ ಪ್ರಮಾಣದ ಹಳೆಯ ತಿಪ್ಪೆಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಕಲಸಿ. ಗುಂಡಿ ತುಂಬಿ, ನೆಲಕ್ಕಿಂತ ಒಂದಡಿ ಎತ್ತರದ ದಿಬ್ಬ ಮಾಡಿ. ಎರೆ ಮಣ್ಣಿನಲ್ಲಿ ಈ ದಿಬ್ಬವೇ ಬೇರನ್ನು ಕಾಯುತ್ತದೆ. ನಾಲ್ಕು ಬುಟ್ಟಿ ಮರಳು ಸುರಿದು ಮಣ್ಣು ಸಡಿಲ ಮಾಡಬಹುದು ಅಂತ ಹೊರಟವರು ಇದ್ದಾರೆ. ಅಷ್ಟು ಮರಳಿನಿಂದ ಜಿಗುಟು ಮಣ್ಣು ಇನ್ನೂ ಗಟ್ಟಿಯಾಗುತ್ತದೆ, ಗೊಬ್ಬರವೇ ಸರಿ. ಒಲೆ ಬೂದಿಯನ್ನೂ ಗುಂಡಿಗೆ ಹಾಕಬೇಡಿ. ನಮ್ಮ ಎರೆ ಮಣ್ಣು ಮೊದಲೇ ಕ್ಷಾರ, ಬೂದಿ ಅದನ್ನು ಇನ್ನೂ ಹೆಚ್ಚಿಸುತ್ತದೆ. ಬೀದರಿನ ಕೆಂಪು ಮಣ್ಣಿನವರಿಗೆ ಎತ್ತರದ ದಿಬ್ಬ ಬೇಕಿಲ್ಲ. ಅಲ್ಲಿ ನೀರು ಬೇಗ ಇಂಗುತ್ತದೆ, ಅವರು ನೀರನ್ನು ಸ್ವಲ್ಪ ಸ್ವಲ್ಪ, ಪದೇ ಪದೇ ಕೊಡಬೇಕು.

ಬೀಜ ಒಂದು ರಾತ್ರಿ ನೆನೆಸಿ, ದಿಬ್ಬಕ್ಕೆ ಮೂರರಂತೆ, ಬೆರಳಿನ ಮೊದಲ ಗೆಣ್ಣಿನಷ್ಟು ಆಳಕ್ಕೆ ಊರಿ. ಎದ್ದ ಮೇಲೆ ಗಟ್ಟಿ ಸಸಿ ಒಂದನ್ನು ಬಿಟ್ಟು ಉಳಿದವನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರು ಅಲುಗುತ್ತದೆ. ಎಳೆ ಸಸಿಗೆ ಕೆಂಪು ದುಂಬಿ ಬೀಳುತ್ತದೆ, ಬೆಳಗಿನ ತಂಪಿನಲ್ಲಿ ಅದು ಮಂಕಾಗಿರುತ್ತದೆ, ಕೈಯಿಂದಲೇ ಹಿಡಿಯಬಹುದು. ನಾಲ್ಕೈದು ಎಲೆ ಬಂದಾಗ ತುದಿ ಚಿವುಟಿ. ಪಕ್ಕದ ಕವಲು ಬೇಗ ಒಡೆಯುತ್ತದೆ, ಕಾಯಿ ಹೂವು ಬರುವುದು ಆ ಕವಲುಗಳಲ್ಲಿ ಅಂತ ಮೊದಲೇ ಹೇಳಿದೆ. ಬುಡದ ಸುತ್ತ ತೊಗರಿ ಹೊಟ್ಟು, ಇಲ್ಲವೇ ಜೋಳದ ಕಣಿಕಿ ಕತ್ತರಿಸಿ ಮೂರು ಬೆರಳು ದಪ್ಪ ಹಾಸಿ. ಮಣ್ಣು ಬಿರಿಯುವುದಿಲ್ಲ, ಕಾಯಿಗೂ ಹಾಸಿಗೆಯಾಗುತ್ತದೆ. ಯೂರಿಯಾ ಹಾಕುವ ಆಸೆ ಹೂವು ಬರುವ ಹೊತ್ತಿಗೆ ಬಿಟ್ಟುಬಿಡಿ. ಬಳ್ಳಿ ಕೊಬ್ಬುತ್ತದೆ, ಹಣ್ಣು ಸಪ್ಪೆಯಾಗುತ್ತದೆ.

ಜೇನು ಕಡಿಮೆ ಅನಿಸಿದರೆ ನೀವೇ ಪರಾಗ ಸೇರಿಸಿ. ಬೆಳಿಗ್ಗೆ ಎಂಟರೊಳಗೆ, ಅವತ್ತೇ ಅರಳಿದ ಗಂಡು ಹೂವು ಕಿತ್ತು ಎಸಳು ತೆಗೆದು, ಕಾಯಿ ಹೂವಿನ ನಡುವಿಗೆ ಮೆಲ್ಲಗೆ ತಿರುವಿ ಸವರಿ. ಬಳ್ಳಿಗೆ ಎರಡು ಮೂರು ಕಾಯಿ ನಿಂತ ಮೇಲೆ ಉಳಿದ ಮಿಡಿ ತೆಗೆದುಬಿಡಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಐದು ಸಪ್ಪೆ ಹಣ್ಣಿಗಿಂತ ಎರಡು ಸಿಹಿ ಹಣ್ಣು ಮೇಲು.

ಹಣ್ಣು ನೊಣಕ್ಕೆ ಎರಡು ದಾರಿ. ಕಾಯಿ ನಿಂಬೆ ಗಾತ್ರ ಆಗುವ ಮೊದಲೇ ಕಾಗದದ ಚೀಲದಿಂದ ಮುಚ್ಚಿ ಕಟ್ಟುವುದು. ಇದೇ ಭದ್ರ, ನಾಲ್ಕು ಬಳ್ಳಿಗೆ ಇದೇನು ದೊಡ್ಡ ಕೆಲಸವಲ್ಲ. ಪ್ಲಾಸ್ಟಿಕ್ ಬೇಡ, ಒಳಗೆ ಬೆಂದುಹೋಗುತ್ತದೆ. ಇನ್ನೊಂದು, ವಾಸನೆಯಿಂದ ನೊಣಗಳನ್ನು ಸೆಳೆದು ಹಿಡಿಯುವ ಕ್ಯೂ ಲ್ಯೂರ್ ಬಲೆ. ಅದಕ್ಕೆ ಗಂಡು ನೊಣ ಮಾತ್ರ ಬೀಳುತ್ತವೆ, ಹೆಣ್ಣು ನೊಣ ಚುಚ್ಚುತ್ತಲೇ ಇರಬಹುದು, ಹಾಗಾಗಿ ಬಲೆಯೊಂದನ್ನೇ ನಂಬಬೇಡಿ. ಕೀಟನಾಶಕ ಹೊಡೆಯಿರಿ ಅಂತ ಯಾರಾದರೂ ಹೇಳುತ್ತಾರೆ. ಹೂವಿರುವಾಗ ಹೊಡೆದರೆ ಜೇನು ಸಾಯುತ್ತವೆ, ಕಾಯಿಯೇ ಕಟ್ಟುವುದಿಲ್ಲ. ಮನೆಮಂದಿ ತಿನ್ನುವ ಹಣ್ಣಿಗೆ ಅದು ಬೇಡವೇ ಬೇಡ. ಎಲೆಯ ಮೇಲೆ ಬಿಳಿ ಬೂದಿ ಕಂಡರೆ ಆ ಎಲೆ ತೆಗೆದು, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿ. ರೋಗದ ಶುರುವಿಗೆ ಮಾತ್ರ ಇದು ಕೆಲಸ ಮಾಡುತ್ತದೆ. ಗಂಧಕದ ಪುಡಿ ಸುಲಭಕ್ಕೆ ಸಿಗುತ್ತದೆ, ಆದರೆ ಖರ್ಬೂಜದ ಎಲೆ ಗಂಧಕಕ್ಕೆ ಸೂಕ್ಷ್ಮ. ನಮ್ಮ ಬಿಸಿಲಲ್ಲಿ ಹಾಕಿದರೆ ಎಲೆ ಸುಟ್ಟು ಕರಕಲಾಗುತ್ತದೆ.

ನೀರಿಗೆ ಲೆಕ್ಕಕ್ಕಿಂತ ಎಲೆ ನೋಡುವುದು ಒಳ್ಳೆಯದು. ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆ ಎದ್ದರೆ ಚಿಂತೆಯಿಲ್ಲ, ಅದು ಬಿಸಿಲಿನ ಬಾಡು. ಬೆಳಿಗ್ಗೆಯೂ ಜೋತಿದ್ದರೆ ನೀರು ಬೇಕು. ಎರೆ ಮಣ್ಣಿನಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ, ಬುಡಕ್ಕೆ ಮಾತ್ರ, ಎಲೆಗೆ ಬೇಡ. ಕಾಯಿ ಪೂರ್ತಿ ಗಾತ್ರಕ್ಕೆ ಬಂದ ಮೇಲೆ ನೀರನ್ನು ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಿದರೆ ಎಲೆ ಒಣಗುತ್ತದೆ, ಎಲೆ ಒಣಗಿದರೆ ಸಿಹಿ ಎಲ್ಲಿಂದ?

ಕೀಳುವ ಹೊತ್ತು ತಿಳಿಯುವುದು ಕಷ್ಟವಲ್ಲ. ಸಿಪ್ಪೆಯ ಬಣ್ಣ ತಿರುಗುತ್ತದೆ, ಹೂವಿದ್ದ ತುದಿ ಮೂಸಿದರೆ ಘಮ ಬರುತ್ತದೆ. ತೊಟ್ಟು ಕಾಯಿಗೆ ಕೂಡುವ ಜಾಗದಲ್ಲಿ ಸುತ್ತಲೂ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ತೊಟ್ಟು ತಾನೇ ಕಳಚಬೇಕು. ಎಳೆದು ಕೀಳಬೇಕಾಗಿ ಬಂದರೆ ಇನ್ನೂ ಹಣ್ಣಾಗಿಲ್ಲ ಅಂತ ಅರ್ಥ. ಕತ್ತರಿಸುವ ಮೊದಲು ಸಿಪ್ಪೆಯನ್ನು ಚೆನ್ನಾಗಿ ತೊಳೆಯಿರಿ. ನೆಲದ ಮೇಲಿದ್ದ ಹಣ್ಣು, ಚಾಕುವಿನ ಜೊತೆ ಮಣ್ಣಿನ ರೋಗಾಣು ಒಳಗೆ ಹೋಗುತ್ತದೆ. ಯಾವುದಾದರೂ ಹಣ್ಣು ಕಹಿಯಿದ್ದರೆ ಒಂದು ತುಂಡೂ ನುಂಗಬೇಡಿ, ಆ ಕಹಿ ಹೊಟ್ಟೆ ಕೆಡಿಸುತ್ತದೆ.

ಬೀಜ ಉಳಿಸುವ ಆಸೆ ನಿಮಗಿದೆ, ಒಳ್ಳೆಯದೇ. ಅರ್ಕಾ ಜೀತ್ ಅಂಥ ತಳಿಯಲ್ಲಿ ಅದು ಆಗುತ್ತದೆ, ಹೈಬ್ರಿಡ್ಡಿನಲ್ಲಿ ಆಗುವುದಿಲ್ಲ. ಒಂದೆರಡು ಕಾಯಿ ಹೂವನ್ನು, ಅದೇ ತಳಿಯ ಗಂಡು ಹೂವನ್ನೂ ಅರಳುವ ಹಿಂದಿನ ಸಂಜೆಯೇ ತೆಳ್ಳನೆ ಬಟ್ಟೆಯಿಂದ ಮುಚ್ಚಿ. ಬೆಳಿಗ್ಗೆ ಬಿಚ್ಚಿ ಪರಾಗ ಸವರಿ, ಮತ್ತೆ ಎರಡು ದಿನ ಮುಚ್ಚಿಡಿ, ಆ ತೊಟ್ಟಿಗೆ ಕೆಂಪು ದಾರ ಕಟ್ಟಿ. ದಾರ ಕಟ್ಟಿದ ಹಣ್ಣು ಪೂರ್ತಿ ಕಳಿತ ಮೇಲೆ ಬೀಜ ತೆಗೆದು, ನೀರಿನಲ್ಲಿ ಹಾಕಿ ತೇಲುವುದನ್ನು ಚೆಲ್ಲಿ, ಮುಳುಗಿದ್ದನ್ನು ನೆರಳಲ್ಲಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ. ಡಬ್ಬಿಯ ಮೇಲೆ ತಳಿಯ ಹೆಸರು, ವರ್ಷ ಬರೆಯುವುದನ್ನು ಮರೆಯಬೇಡಿ.